ಘಟ್ಟದ ಕಡೆಗೇ ತಿರುಗುವ ಗಾಲಿ: ಧಾರವಾಡ ಸೀಮೆಯ ರವಿವಾರದ ಬೈಕ್ ಸವಾರಿ

ಹುಬ್ಬಳ್ಳಿ-ಧಾರವಾಡದ ಕಾಲೇಜು ಹುಡುಗರು, ಬ್ಯಾಂಕು ಕಚೇರಿಗಳ ನೌಕರರು, ನವಲಗುಂದ, ಅಣ್ಣಿಗೇರಿಗಳಂಥ ತಾಲೂಕು ಊರುಗಳ ಅಂಗಡಿಕಾರರ ಮಕ್ಕಳು ರವಿವಾರ ನಸುಕಿನಲ್ಲಿ ಒಬ್ಬ ಗೆಳೆಯನನ್ನು ಜೊತೆಗಿಟ್ಟುಕೊಂಡು, ಮುಟ್ಟಲೇಬೇಕಾದ ಊರಾಗಲಿ ಮುಗಿಸಲೇಬೇಕಾದ ಕೆಲಸವಾಗಲಿ ಇಲ್ಲದೆ, ಬೈಕಿನ ಮೇಲೆ ದೂರದ ದಾರಿ ಹಿಡಿಯುವುದು ಈ ಸೀಮೆಯಲ್ಲಿ ಈಗ ಬೇರೂರಿದ ರೂಢಿ. ಹುಡುಗಾಟವೆಂದು ಅದನ್ನು ಬದಿಗೆ ಸರಿಸುವ ಹಿರಿಯರೂ, ಬಿಡುಗಡೆಯ ಇನ್ನೊಂದು ಹೆಸರೆಂದು ಹೊಗಳುವ ಜಾಹೀರಾತುಗಳೂ ಅದರೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡುವ ಗೋಜಿಗೆ ಹೋಗುವುದಿಲ್ಲ. ಈ ರೂಢಿಯನ್ನು ನೋಟದ ಒಂದು ಕ್ರಮವೆಂದು, ಎಂದರೆ ನಾಡಿನಲ್ಲಿ ಯಾವುದು ನೋಡತಕ್ಕದ್ದು, ಯಾವುದು ಸುಮ್ಮನೆ ದಾಟಿಹೋಗತಕ್ಕದ್ದು ಎಂದು ತೀರ್ಮಾನಿಸುವ ಒಂದು ಬಗೆಯೆಂದು ಹಿಡಿದು ಪರಿಶೀಲಿಸಿದಾಗ, ಅದರ ಸತ್ವ ಎಲ್ಲಿದೆ, ಅದು ಎಲ್ಲಿ ಸೋಲುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಇದಕ್ಕೆ ಬೇಕಾದ ಯಂತ್ರ ಸಾಮಾನ್ಯರ ಅಂಗಳಕ್ಕೆ ಬಂದು ಬಹಳ ಕಾಲವಾಗಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ, ಅದರ ಬೆನ್ನಿಗೆ ಬಂದ ಯೆಜ್ಡಿ, ಮದರಾಸಿನ ಬುಲೆಟ್ ಇವೆಲ್ಲ ಹಳ್ಳಿಗಳಲ್ಲಿ ಗೌಡರ, ಗುತ್ತಿಗೆದಾರರ, ಫೌಜದಾರರ ಅಂತಸ್ತನ್ನು ಸಾರುವ ಗಾಡಿಗಳಾಗಿದ್ದವು. 1985ರಲ್ಲಿ ಹೀರೋ ಹೋಂಡಾದ ನಾಲ್ಕು ಸ್ಟ್ರೋಕಿನ, ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡುವ ಎಂಜಿನ್ನಿನ ಬೈಕು ಬಂದ ಮೇಲೆಯೇ ಅದು ಒಕ್ಕಲು ಮನೆಗಳಿಗೂ ಮೆಲ್ಲಗೆ ಕಾಲಿಟ್ಟಿತು. ಹಾಲಿನ ಕ್ಯಾನು, ಮೇವಿನ ಹೊರೆ, ಔಷಧ ಹೊಡೆಯುವ ಪಂಪು, ಯೂರಿಯಾ ಚೀಲ ಇವನ್ನೆಲ್ಲ ಹೊತ್ತು ಹೊಲದ ದಾರಿ ತುಳಿಯುವ ಗಾಡಿಯೂ ಇದೇ. ರವಿವಾರದ ಬಿಡುವು ಮಾತ್ರ ಪೇಟೆಯದು. ಧಾರವಾಡ ಸೀಮೆಯ ಅನೇಕ ಊರುಗಳಲ್ಲಿ ಬಸವಣ್ಣನ ವಾರವೆಂದು ಸೋಮವಾರ ಎತ್ತು ಹೂಡುವುದಿಲ್ಲ, ಅಮಾವಾಸ್ಯೆಗೆ ಹೊಲದ ಕೆಲಸ ನಿಲ್ಲುತ್ತದೆ, ಉಳಿದ ದಿನಗಳ ಏರಿಳಿತವನ್ನು ಆಯಾ ಊರಿನ ಸಂತೆ ನಿರ್ಧರಿಸುತ್ತದೆ. ಹೀಗಾಗಿ ಬಿಡುವಿನಲ್ಲಿ ಹೊರಟ ಸವಾರರಿಗೆ ದಾರಿಯುದ್ದಕ್ಕೂ ಎದುರಾಗುವವರು ದುಡಿಯುತ್ತಿರುವ ಜನ. ಈ ಅಂತರ ಅವರ ಗಮನಕ್ಕೆ ಬರುವುದು ಅಪರೂಪ.

ದಾರಿಯ ಆಯ್ಕೆಯಲ್ಲಿ ಈ ರೂಢಿಯ ಅಭಿರುಚಿ ಬಯಲಾಗುತ್ತದೆ. ಪಂಜಾಬಿನ ಸಂಗರೂರಿನಿಂದ ಅಂಕೋಲೆಯವರೆಗೆ ಹಬ್ಬಿದ ರಾಷ್ಟ್ರೀಯ ಹೆದ್ದಾರಿ 52 ವಿಜಯಪುರದ ಕಡೆಯಿಂದ ಬಂದು, ನರಗುಂದ ನವಲಗುಂದಗಳ ಎರೆ ನೆಲವನ್ನು ಸೀಳಿಕೊಂಡು ಹುಬ್ಬಳ್ಳಿ ಸೇರುತ್ತದೆ. ಅಲ್ಲಿಂದ ಮುಂದೆ ಕಲಘಟಗಿ, ಕಿರವತ್ತಿ, ಯಲ್ಲಾಪುರಗಳನ್ನು ಹಾಯ್ದು ಅರಬೈಲ್ ಘಟ್ಟ ಇಳಿಯುತ್ತದೆ. ಹುಬ್ಬಳ್ಳಿಯಿಂದ ಕಲಘಟಗಿಯೂ ನವಲಗುಂದವೂ ಹೆಚ್ಚುಕಡಿಮೆ ಸಮದೂರ, 30ರಿಂದ 35 ಕಿಲೋಮೀಟರಿನೊಳಗೆ. ಹೆದ್ದಾರಿಯೂ ಒಂದೇ, ಪೆಟ್ರೋಲಿನ ಖರ್ಚೂ ಒಂದೇ. ಆದರೂ ರವಿವಾರದ ಗಾಲಿಗಳು ತಿರುಗುವುದು ಘಟ್ಟದ ಕಡೆಗೇ.

ಆ ಆಕರ್ಷಣೆಗೆ ಕಾರಣವಿಲ್ಲದಿಲ್ಲ. ಹುಬ್ಬಳ್ಳಿ ದಾಟಿ ಕಲಘಟಗಿ ಸಮೀಪಿಸುತ್ತಿದ್ದಂತೆ ಕರಿನೆಲ ಹಿಂದೆ ಸರಿದು ಕೆಂಪು ಮಣ್ಣು ಕಾಣಿಸಿಕೊಳ್ಳುತ್ತದೆ, ಗೋವಿನಜೋಳ ಸೋಯಾಬೀನುಗಳ ನಡುವೆ ಭತ್ತದ ಗದ್ದೆಗಳೂ ಕೆರೆಗಳೂ ಬರುತ್ತವೆ, ಅದನ್ನೂ ದಾಟಿದರೆ ಸಾಗವಾನಿ ಮತ್ತು ಬಿದಿರಿನ ಕಾಡು. ಗಾಜಿನ ಮರೆಯಿಲ್ಲದ ಬೈಕಿನ ಮೇಲೆ ಈ ಬದಲಾವಣೆ ಮೊದಲು ಚರ್ಮಕ್ಕೆ ತಿಳಿಯುತ್ತದೆ, ಏಕೆಂದರೆ ಕಾಡಿನ ಅಂಚು ಕಣ್ಣಿಗೆ ಬೀಳುವ ಮೊದಲೇ ಗಾಳಿ ತಣ್ಣಗಾಗಿ ಮೊಣಕೈಗೆ ತಾಗಿರುತ್ತದೆ. ಕಾರಿನಲ್ಲಿ ಕುಳಿತವನಿಗೆ ಸಿಗದ ಈ ಅರಿವು ಬೈಕ್ ಸವಾರಿಯ ನಿಜವಾದ ಗಳಿಕೆ, ಅದನ್ನು ಯಾವ ವಿಮರ್ಶೆಯೂ ಅಲ್ಲಗಳೆಯಲಾಗದು.

ತಕರಾರು ಇರುವುದು ಈ ನೋಟ ಎಲ್ಲಿ ಕಣ್ಣು ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ ಎಂಬುದರಲ್ಲಿ. ಯಲ್ಲಾಪುರದ ಕಡೆ ಹೋದವರೆಲ್ಲರ ಮುಖ್ಯ ನಿಲ್ದಾಣ ಮಾಗೋಡು ಜಲಪಾತ. ಅಲ್ಲಿ ಎರಡು ಹಂತಗಳಲ್ಲಿ ಸುಮಾರು 200 ಮೀಟರು ಧುಮುಕುವ ನದಿ ಬೇಡ್ತಿ. ಧಾರವಾಡದ ಮಗ್ಗುಲಲ್ಲಿ ಹುಟ್ಟಿ ಕಲಘಟಗಿ ತಾಲೂಕಿನ ಹೊಲಗಳ ನಡುವೆ ಸಾಧಾರಣ ಹಳ್ಳದಂತೆ ಹರಿಯುವುದೂ, ಹುಬ್ಬಳ್ಳಿಗೆ ಕುಡಿಯುವ ನೀರು ಒದಗಿಸಲೆಂದು ಕಟ್ಟಿದ ನೀರಸಾಗರ ಜಲಾಶಯವನ್ನು ತುಂಬಿಸುವುದೂ, ಬರಗಾಲದಲ್ಲಿ ಆ ಜಲಾಶಯವನ್ನು ಬರಿದು ಬಿಡುವುದೂ ಇದೇ ನದಿ. ಸವಾರರು ತಮ್ಮ ಊರಿನ ಕುಡಿಯುವ ನೀರಿನ ಒಂದು ಮೂಲವನ್ನು ಅರೆಕ್ಷಣವೂ ನಿಲ್ಲದೆ ದಾಟಿಹೋಗಿ, ಅದೇ ನೀರು ಬಂಡೆಯ ಮೇಲಿಂದ ಬೀಳುವಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಗಿಡಮರ, ಬೆಟ್ಟ, ಬೀಳುವ ನೀರು ಈ ಮೂರೂ ಸೇರಿದರೆ ಮಾತ್ರ ಚೆಂದವೆಂಬ ಅಳತೆಗೋಲು ಗೋಡೆಯ ಕ್ಯಾಲೆಂಡರಿನಿಂದಲೂ ಸಿನಿಮಾ ಹಾಡುಗಳಿಂದಲೂ ಬಂದದ್ದು, ಮತ್ತು ಆ ಅಳತೆಗೋಲನ್ನು ಪ್ರಶ್ನಿಸದೆ ಒಪ್ಪಿಕೊಂಡಿರುವುದು ಈ ರೂಢಿಯ ದೊಡ್ಡ ದೌರ್ಬಲ್ಯ.

ಹೆದ್ದಾರಿಯ ಇನ್ನೊಂದು ದಿಕ್ಕನ್ನು ನೋಡೋಣ. ಹುಬ್ಬಳ್ಳಿ-ಧಾರವಾಡ ನಿಂತಿರುವುದು ಜಲವಿಭಾಜಕದ ಮೇಲೆ, ಎಂದರೆ ಬಿದ್ದ ಮಳೆ ಎರಡು ಬೇರೆ ಬೇರೆ ಸಮುದ್ರಗಳಿಗೆ ಹರಿದುಹೋಗುವ ಏರಿನ ಮೇಲೆ. ಬೇಡ್ತಿಯ ನೀರು ಗಂಗಾವಳಿಯೆಂಬ ಹೆಸರಿನಿಂದ ಅರಬ್ಬಿ ಸಮುದ್ರ ಸೇರಿದರೆ, ಕುಂದಗೋಳ ನವಲಗುಂದಗಳ ಕಡೆಯ ನೀರು ಬೆಣ್ಣೆಹಳ್ಳಕ್ಕೆ ಇಳಿದು, ಮಲಪ್ರಭೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಈ ದಿಕ್ಕಿನಲ್ಲಿ ಕಣ್ಣನ್ನು ತಡೆಯುವ ಕಾಡಿಲ್ಲ. ಮುಂಗಾರಿನಲ್ಲಿ ಹೆಸರು, ಉಳ್ಳಾಗಡ್ಡಿ, ಹತ್ತಿ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಗೋಧಿ, ಕುಸುಬೆ. ಹೀಗೆ ನೆಲದ ಬಣ್ಣ ಎರಡು ತಿಂಗಳಿಗೊಮ್ಮೆ ಬದಲಾಗುತ್ತದೆ. ಅಲ್ಲಿ ನೋಡುವಂಥದ್ದೇನಿದೆ ಎಂಬ ಪೇಟೆಯ ಮಾತು ಒಮ್ಮೆ ಹೋಗಿ ಸಾಕೆಂದು ತಿರುಗಿ ಬಂದವರ ಮಾತು. ಬಯಲಿನ ಚೆಲುವು ಅದೇ ದಾರಿಯಲ್ಲಿ ಋತುವಿಗೊಮ್ಮೆ ಹಾಯ್ದವರಿಗೆ ಮಾತ್ರ ತಿಳಿಯತಕ್ಕದ್ದು.

ಎರೆ ನೆಲದ ದಾರಿ ಬೈಕಿಗೆ ಒಡ್ಡುವ ಪರೀಕ್ಷೆಯೂ ಬೇರೆ ಬಗೆಯದು. ಎರೆಮಣ್ಣಿನ ಜೇಡಿ ಮಳೆ ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಈ ಉಬ್ಬರ ಇಳಿತದಿಂದಾಗಿ ಮೇಲಿನ ಡಾಂಬರು ಅಲೆಯಲೆಯಾಗಿ ಏಳುತ್ತದೆ, ಅಂಚುಗಳು ಮುರಿದು ಬೀಳುತ್ತವೆ. ಕಾರಿನವರಿಗೆ ಬರಿಯ ಕುಲುಕಾಟವಾಗುವ ಇದು ಎರಡು ಗಾಲಿಯ ಮೇಲಿದ್ದವರಿಗೆ ನೆಲ ಉಸಿರಾಡುವುದನ್ನು ತೊಡೆಗಳಲ್ಲಿ ಅರಿಯುವ ಅವಕಾಶ. ಮಳೆಗಾಲದಲ್ಲಿ ಎದುರು ಲಾರಿಗೆ ದಾರಿ ಬಿಡಲೆಂದು ಡಾಂಬರಿನಿಂದ ಒಂದು ಮೊಳ ಕೆಳಗಿಳಿದರೂ ಸಾಕು, ಎರೆ ಅಂಟಿನಂತೆ ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿಕೊಂಡು, ಹತ್ತು ಹೆಜ್ಜೆಯೊಳಗೆ ಗಾಲಿ ತಿರುಗದಂತೆ ಮಾಡುತ್ತದೆ. ಆಗ ಹಿಂದಿನವನು ಇಳಿದು ಕಟ್ಟಿಗೆಯ ತುಂಡಿನಿಂದ ಮಣ್ಣು ಕೆರೆಯುತ್ತಾನೆ, ಮುಂದಿನವನು ಹಿಡಿಕೆ ಹಿಡಿದು ಗಾಡಿ ತಳ್ಳುತ್ತಾನೆ. ಬೆಣ್ಣೆಹಳ್ಳ ಬಂದ ದಿನವಂತೂ ಯಮನೂರಿನ ಆಸುಪಾಸಿನ ದಾರಿಗಳೇ ಇರುವುದಿಲ್ಲ.

ಸುಗ್ಗಿಯ ದಿನಗಳಲ್ಲಿ ಈ ಭಾಗದ ಒಳದಾರಿಗಳಲ್ಲಿ ಸವಾರರಿಗೆ ಎದುರಾಗುವ, ಅವರನ್ನು ಅತಿಯಾಗಿ ಕೆರಳಿಸುವ ಸಂಗತಿ ರಸ್ತೆಯ ಮೇಲೆ ಹರವಿದ ಬೆಳೆ. ಕಡಲೆಯ ಗಿಡ, ಹೆಸರಿನ ಬಳ್ಳಿ, ಸೂರ್ಯಕಾಂತಿಯ ತೆನೆ ಇವನ್ನು ಮೊಣಕಾಲೆತ್ತರ ಹಾಸಿ, ಹಾಯುವ ವಾಹನಗಳ ಗಾಲಿಯಿಂದಲೇ ಕಾಳು ಬಿಡಿಸಿಕೊಳ್ಳುವ ಪದ್ಧತಿ ಇದು. ಒಣಗಿದ ಬಳ್ಳಿಯ ಮೇಲೆ ಬ್ರೇಕು ಹಿಡಿಯುವುದಿಲ್ಲ, ನಾರು ಚೈನಿಗೆ ಸುತ್ತಿಕೊಳ್ಳುತ್ತದೆ, ರಾಶಿಯ ಅಂಚಿಗಿಟ್ಟ ಕಲ್ಲುಗಳು ಮಬ್ಬಿನಲ್ಲಿ ಕಾಣುವುದಿಲ್ಲ. ಬಿದ್ದು ಕೈಕಾಲು ಮುರಿದುಕೊಂಡವರೂ ಉಂಟು, ಆದ್ದರಿಂದ ಸವಾರರ ಸಿಟ್ಟಿಗೆ ಅರ್ಥವಿದೆ. ಆದರೆ ರೈತ ಏಕೆ ಹೀಗೆ ಮಾಡುತ್ತಾನೆ ಎಂಬುದನ್ನೂ ತಿಳಿಯಬೇಕು. ಎರೆ ಹೊಲದಲ್ಲಿ ಕಣ ಮಾಡುವುದು, ಎಂದರೆ ಕಾಳು ತುಳಿಸಲು ನೆಲ ಸಿದ್ಧಪಡಿಸುವುದು, ಬಿರುಕು ಮುಚ್ಚಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿ, ಸಗಣಿಯಿಂದ ಸಾರಿಸುವ ಹಲವು ದಿನಗಳ ಕೆಲಸ. ಎತ್ತುಗಳು ಕಡಿಮೆಯಾಗಿ ಕೂಲಿ ಏರಿರುವಾಗ ಮಣ್ಣು ತಾಗದ, ಬಿರಿಯದ, ಬೇಗ ಕಾಯುವ ನೆಲ ಸಿಗುವುದು ಡಾಂಬರಿನಲ್ಲಿ ಮಾತ್ರ. ಪೇಟೆಯವನಿಗೆ ರಸ್ತೆ ಹಾಯ್ದುಹೋಗುವ ದಾರಿಯಾದರೆ ಹಳ್ಳಿಯವನಿಗೆ ಅದು ಊರಿನ ಕಣವೂ ಹೌದು. ಈ ತಿಕ್ಕಾಟ ಸವಾರಿಯ ಅಡಚಣೆಯೆಂದು ಎಣಿಕೆಯಾಗುತ್ತದೆ, ವಾಸ್ತವವಾಗಿ ಸವಾರಿಯಲ್ಲಿ ಕಾಣಸಿಗುವ ಅತ್ಯಂತ ಅರ್ಥಪೂರ್ಣ ದೃಶ್ಯ ಇದೇ. ನವಲಗುಂದದ ಹೆದ್ದಾರಿಗೆ ಮತ್ತೊಂದು ಚರಿತ್ರೆಯೂ ಇದೆ: ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಗೋಲಿಬಾರ್ ನಡೆದ ಊರು ಇದು, ಮಹದಾಯಿ ನದಿಯ ನೀರಿಗಾಗಿ ಇದೇ ದಾರಿಯನ್ನು ರೈತರು ಮತ್ತೆ ಮತ್ತೆ ತಡೆದಿದ್ದಾರೆ.

ಇನ್ನು ಗೆಳೆತನದ ವಿಚಾರ. ಇಬ್ಬರು ಒಂದೇ ಗಾಡಿಯಲ್ಲಿ ಡಬಲ್ ಸೀಟ್ ಹೋಗುವುದಕ್ಕೂ ಇಬ್ಬರೂ ತಮ್ಮ ತಮ್ಮ ಗಾಡಿಯಲ್ಲಿ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಈ ರೂಢಿಯ ಬಗೆಗೆ ಮಾತಾಡುವವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎರಡು ಗಾಡಿಗಳಾದಾಗ ಗೊತ್ತಿಲ್ಲದೆಯೇ ಪೈಪೋಟಿ ಹುಟ್ಟುತ್ತದೆ, ಇಬ್ಬರ ಕಣ್ಣೂ ಡಾಂಬರಿಗೇ ಅಂಟಿಕೊಂಡಿರುತ್ತವೆ. ಒಂದೇ ಗಾಡಿಯಾದಾಗ ಕೆಲಸ ಹಂಚಿಹೋಗುತ್ತದೆ: ಮುಂದಿನವನು ತಗ್ಗು, ನಾಯಿ, ಎದುರು ಲಾರಿ ನೋಡಿಕೊಳ್ಳುತ್ತಾನೆ, ಹಿಂದಿನವನು ಹೊಲ, ಗುಡಿ, ಹಕ್ಕಿ, ಆಳುಗಳು ಎಲ್ಲವನ್ನೂ ನೋಡಿ ಇಬ್ಬರ ಪಾಲಿನದನ್ನೂ ಕೂಡಿಸಿಟ್ಟುಕೊಳ್ಳುತ್ತಾನೆ. ಹಿಂದೆ ಕುಳಿತವರಿಗೂ 2016ರ ಜನವರಿಯಿಂದ ರಾಜ್ಯದಲ್ಲಿ ಹೆಲ್ಮೆಟ್ ಕಡ್ಡಾಯವಾಗಿ, ಗಾಳಿಯ ಸದ್ದಿನಲ್ಲಿ ಮೊದಲೇ ತುಣುಕಾಗುತ್ತಿದ್ದ ಮಾತು ಹೆಗಲು ತಟ್ಟಿ ಕೈ ತೋರಿಸುವುದಕ್ಕೆ ಇಳಿಯಿತು. ನೋಡಿದ್ದರ ಮೇಲೆ ಮಾತು ಬೆಳೆಯುವುದು ಗಾಡಿ ನಿಂತ ಮೇಲೆ, ಮಿರ್ಚಿ-ಗಿರಮಿಟ್ಟಿನ ಅಂಗಡಿಯ ಬೆಂಚಿನ ಮೇಲೆ. ಹಾಗಾಗಿ ಸವಾರಿಯ ಗುಣವನ್ನು ಅದರಲ್ಲಿ ಬರುವ ನಿಲುಗಡೆಗಳಿಂದ ಅಳೆಯುವುದು ನ್ಯಾಯ, ವೇಗದಿಂದ ಅಳೆದರೆ ಏನೂ ತಿಳಿಯುವುದಿಲ್ಲ.

ಇಬ್ಬರು ಗೆಳೆಯರ ಬೈಕ್ ಪ್ರಯಾಣದ ಲೋಕಪ್ರಸಿದ್ಧ ನಿದರ್ಶನ ಇದನ್ನೇ ತೋರಿಸುತ್ತದೆ. 1952ರಲ್ಲಿ ಚೆ ಗೆವಾರ ಮತ್ತು ಆಲ್ಬೆರ್ತೊ ಗ್ರನಾದೊ ಹಳೆಯ ನಾರ್ಟನ್ ಗಾಡಿಯ ಮೇಲೆ ದಕ್ಷಿಣ ಅಮೆರಿಕ ಸುತ್ತಲು ಹೊರಟರು; ಗಾಡಿ ಚಿಲಿ ದೇಶದಲ್ಲಿ ಪೂರ್ತಿ ಕೈಕೊಟ್ಟಿತು. ನಡೆಯುತ್ತ, ಕಂಡವರ ಲಾರಿ ಹತ್ತುತ್ತ ಮುಂದುವರಿದ ಮೇಲೆಯೇ ತಾಮ್ರದ ಗಣಿಯ ಕೂಲಿಗಳು ಅವರಿಗೆ ಹತ್ತಿರದಿಂದ ಕಂಡರು, ಪ್ರಯಾಣಕ್ಕೆ ಆಮೇಲೆ ಬಂದ ಮಹತ್ವಕ್ಕೆ ಕಾರಣವಾದದ್ದು ಈ ಭಾಗವೇ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತತ್ವಪದಗಳ ಕವಿ ಶಿಶುನಾಳ ಶರೀಫರು, ಅವರ ಗುರು ಕುಂದಗೋಳ ತಾಲೂಕಿನ ಕಳಸದ ಗೋವಿಂದ ಭಟ್ಟರು, ನವಲಗುಂದದ ನಾಗಲಿಂಗಸ್ವಾಮಿಗಳು ಒಬ್ಬರನ್ನೊಬ್ಬರು ಕಾಣಲು ಹತ್ತೊಂಬತ್ತನೆಯ ಶತಮಾನದಲ್ಲಿ ಓಡಾಡಿದ್ದು ಇದೇ ಎರೆ ಬಯಲಿನಲ್ಲಿ. ಒಡನಾಟಕ್ಕಾಗಿ ದಾರಿ ಸವೆಸುವುದು ಈ ಸೀಮೆಗೆ ಬೈಕು ತಂದ ಹೊಸ ಪಾಠವೇನೂ ಆಗಿರಲಿಲ್ಲ.

ಸೈಲೆನ್ಸರ್ ಬಿಚ್ಚಿ ಊರೊಳಗೆ ಗುಡುಗುತ್ತ ಹಾಯುವುದು, ಜಲಪಾತದ ಬಳಿ ಬಾಟಲಿ ಒಡೆಯುವುದು ಇವುಗಳ ಬಗೆಗೆ ಬೇಕಾದಷ್ಟು ಬರೆದಾಗಿದೆ, ಇಲ್ಲಿ ಅದನ್ನು ಬೆಳೆಸಬೇಕಾಗಿಲ್ಲ. ಈ ಬಿಡುವು ಬಹುಮಟ್ಟಿಗೆ ಗಂಡಸರದೇ ಆಗಿ ಉಳಿದಿದೆ ಎಂಬುದನ್ನು ಮಾತ್ರ ಹೇಳಲೇಬೇಕು: ಹಳ್ಳಿಯ ಹೆಣ್ಣುಮಕ್ಕಳು ಬೈಕಿನ ಹಿಂದೆ ಕೂಡುವುದು ದವಾಖಾನೆಗೆ, ಸಂತೆಗೆ, ತವರಿಗೆ. ನವಲಗುಂದದ ಮನೆಗಳೊಳಗೆ ಕುಳಿತು ಪಗಡೆಹಾಸಿನ, ನವಿಲಿನ ಚಿತ್ರದ ಜಮಖಾನ ನೇಯುವ ಹೆಂಗಸರ ಮಗ್ಗದ ಮುಂದೆ ಗಾಡಿ ನಿಲ್ಲಿಸಿದ ಸವಾರರೂ ವಿರಳವೇ.

ಘಟ್ಟವೂ ಬೇಡ, ಹೆದ್ದಾರಿಯೂ ಬೇಡ ಎನ್ನುವವರಿಗೆ ಕುಂದಗೋಳ ಮತ್ತು ಅಣ್ಣಿಗೇರಿಯ ಒಳದಾರಿಗಳಿವೆ. ಕುಂದಗೋಳದಲ್ಲಿ ಚಾಲುಕ್ಯರ ಕಾಲದ ಶಂಭುಲಿಂಗ ಗುಡಿಯೂ, ಸವಾಯಿ ಗಂಧರ್ವರ ಸಂಗೀತಕ್ಕೆ ನೆಲೆಯಾದ ನಾಡಿಗೇರ ವಾಡೆಯೂ ಇವೆ. ಗಂಗೂಬಾಯಿ ಹಾನಗಲ್ಲರು ಅವರಲ್ಲಿ ಪಾಠಕ್ಕೆಂದು ಹುಬ್ಬಳ್ಳಿಯಿಂದ ಇಲ್ಲಿಗೆ ರೈಲಿನಲ್ಲಿ ಬಂದುಹೋಗುತ್ತಿದ್ದರು. ಪಂಪನ ಹೆಸರಿನೊಂದಿಗೆ ಬೆಸೆದುಕೊಂಡ ಅಣ್ಣಿಗೇರಿಯ ಅಮೃತೇಶ್ವರ ಗುಡಿ ಬಳಪದ ಕಲ್ಲಿನಲ್ಲಿ ಕಟ್ಟಿದ ಮೊದಮೊದಲ ಚಾಲುಕ್ಯ ಗುಡಿಗಳಲ್ಲಿ ಒಂದು, ಅದರ ಮಂಟಪದ ಸೂರನ್ನು 76 ಕಂಬಗಳು ಹೊತ್ತಿವೆ. ಈ ಊರುಗಳ ನಡುವಿನ ದಾರಿಗಳಲ್ಲಿ ಸುಗ್ಗಿಯಲ್ಲಿ ಮೆಣಸಿನಕಾಯಿಯ ರಾಶಿಗಳ ಘಾಟು ಹೆಲ್ಮೆಟ್ಟಿನೊಳಗೂ ನುಗ್ಗುತ್ತದೆ. ಇಬ್ಬರಿಗೆ ಒಂದು ಗಾಡಿ, ಒಂದು ರವಿವಾರ, ಹೊತ್ತು ಮುಳುಗುವ ಮೊದಲು ಮನೆ ಎಂಬ ಮಿತಿಯೊಳಗೆ ಈ ದಾರಿಗಳನ್ನು ಮೀರಿಸುವಂಥವು ಜಿಲ್ಲೆಯಲ್ಲಿಲ್ಲ.

ಮಾರ್ಚ್ ಕಳೆದ ಮೇಲೆ ಬಯಲಿನ ಪರವಾದ ಈ ವಾದ ಸಡಿಲವಾಗುವುದನ್ನು ಒಪ್ಪಬೇಕು. ಬೆಳೆ ಎದ್ದ ಎರೆ ಹೊಲ ಬಿರಿದು ಕಾಯುತ್ತದೆ, ಮೈಲುಗಟ್ಟಲೆ ನೆರಳಿರುವುದಿಲ್ಲ, ಹತ್ತು ಗಂಟೆಯ ನಂತರದ ಗಾಳಿ ಮುಖ ಸುಡುತ್ತದೆ. ಆದರೆ ಆ ದಿನಗಳಲ್ಲಿ ಕಲಘಟಗಿಯ ಕಡೆಯ ಸಾಗವಾನಿಯೂ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ, ಬೇಡ್ತಿ ಸಣ್ಣಗಾಗಿ ಮಾಗೋಡಿನಲ್ಲೂ ಬಂಡೆಯೇ ಹೆಚ್ಚು ಕಾಣುತ್ತದೆ. ಹಸಿರನ್ನು ಅರಸಿ ಹೊರಟವರು ಯಲ್ಲಾಪುರವನ್ನೂ ದಾಟಿ ಘಟ್ಟ ಇಳಿಯಬೇಕಾಗುತ್ತದೆ, ಅಷ್ಟು ದೂರ ಹೋದರೆ ಸಂಜೆಯೊಳಗೆ ಮರಳುವುದು ಅವಸರದ ಮಾತಾಗುತ್ತದೆ.