ಕಾಳಿಯ ಕಲ್ಲು

ಮನುಷ್ಯ ಮತ್ತು ನಾಯಿಯ ನಂಟನ್ನು ಕೊಂಡಾಡಿದ ಕಲಾವಿದ ಯಾರೆಂದು ಕೇಳಿದರೆ, ಹೆಸರು ತಿಳಿಯದ ಒಬ್ಬ ಶಿಲ್ಪಿಯತ್ತ ನಾನು ಬೆರಳು ತೋರಿಸುತ್ತೇನೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಕಲ್ಲು ಅವನ ಕೃತಿ. ಕಾಲ ಶಕ 872, ಅಂದರೆ ಕ್ರಿ.ಶ. 949-50.

ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಕಾಲವದು. ಆ ಯುದ್ಧದಲ್ಲಿ ಮಣಲೆರ ತೋರಿದ ಶೌರ್ಯಕ್ಕೆ ಮೆಚ್ಚಿ, ಏನು ಬೇಕೋ ಕೇಳು ಎಂದ ಗಂಗರ ಬೂತುಗ. ಮಣಲೆರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನೆಟ್ಟು, ಭೂಮಿ ಬಿಟ್ಟರು.

ಅಕ್ಷರಗಳಲ್ಲಿ ಅರಸರ ಬಿರುದುಗಳೇ ತುಂಬಿವೆ. ಶಿಲ್ಪಿ ಮಾತ್ರ ಒಡೆಯನನ್ನು ಬದಿಗಿಟ್ಟು ನಾಯಿ, ಹಂದಿಗಳ ಕಾದಾಟವನ್ನೇ ಕಡೆದಿದ್ದಾನೆ. ಬಾಲ ಅಲ್ಲಾಡಿಸುವ, ಕಾಲು ನೆಕ್ಕುವ ನಾಯಿ ಇಲ್ಲಿಲ್ಲ. ತನಗಿಂತ ದೊಡ್ಡ ಪ್ರಾಣಿಗೆ ಎದುರು ನಿಂತ ಕಾಳಿ ಇದೆ. ಕರುಣೆ ಬೇಡುವ ಚಿತ್ರವಲ್ಲ ಇದು, ಗೌರವ ಕೇಳುವ ಚಿತ್ರ. ಸಾವಿರ ವರ್ಷದ ನಂತರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಬರುವ ಕಿವಿಯೂ ಹೀಗೆಯೇ, ಮುದ್ದಿನ ಗೊಂಬೆಯಲ್ಲ, ತನ್ನದೇ ಬುದ್ಧಿಯುಳ್ಳ ಜೀವ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಬೇಡಿ ಪಡೆದ ನಾಯಿಯನ್ನು ಬೇಟೆಯಲ್ಲಿ ಕಳೆದುಕೊಂಡವನ ಪ್ರೀತಿ ಎಂಥದು? ಸತ್ತ ಮೇಲಿನ ಕಲ್ಲು ಒಡೆಯನ ಹೆಮ್ಮೆಯೂ ಆಗಬಹುದಲ್ಲ? ಶಾಸನದ ಒಂದು ಕಟ್ಟಳೆ ನನಗೆ ಉತ್ತರದಂತೆ ಕಾಣುತ್ತದೆ: ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಪಾಪ. ಹೆಮ್ಮೆಗೆ ಕಲ್ಲು ಸಾಕಿತ್ತು. ದಿನದಿನದ ನೆನಪನ್ನು ಬೇಡುವುದು ದುಃಖ.

ನಮ್ಮ ನಂದಿಗುಡಿ ಹೆಸರಿನಲ್ಲೇ ನಂದಿಯನ್ನು ಇಟ್ಟುಕೊಂಡ ಊರು. ಬಸವನಿಗೆ ಪೂಜೆ, ನಾಯಿಗೆ ಕೋಲು, ಇದು ಎಲ್ಲ ಊರುಗಳ ರೂಢಿ. ತುಂಗಭದ್ರೆಯಾಚೆ ದೇವರಗುಡ್ಡದ ಗೊರವಯ್ಯ ಮೈಲಾರಲಿಂಗನ ಹೆಸರಿನಲ್ಲಿ ನಾಯಿಯಂತೆ ಬೊಗಳಿ ದೋಣಿಯ ಪ್ರಸಾದ ಉಂಡರೆ ಕೈಮುಗಿಯುತ್ತೇವೆ. ತರಗತಿಯಲ್ಲಿ ಹುಡುಗ ಹುಡುಗನನ್ನು ‘ನಾಯಿ’ ಎಂದರೆ ಅದು ಬೈಗುಳ. ಮಳೆಚಳಿಯಲ್ಲಿ ಕುರಿಹಟ್ಟಿ ಕಾಯುವ ನಾಯಿ ಸತ್ತರೆ ಒಂದು ಹಿಡಿ ಮಣ್ಣೂ ಕಷ್ಟ.

ಇಂಥ ನಾಡಿನಲ್ಲಿ ಆ ಶಿಲ್ಪಿ ತನ್ನ ಹೆಸರು ಬಿಟ್ಟುಹೋಗಲಿಲ್ಲ. ನಾಯಿಯ ಹೆಸರು ಮಾತ್ರ ಹಳಗನ್ನಡದಲ್ಲಿ ಉಳಿದಿದೆ. ಬೈಗುಳವಾದ ಒಂದು ಪದಕ್ಕೆ ಮರ್ಯಾದೆ ತಂದುಕೊಟ್ಟ ಕಲ್ಲು ಇದು. ಮಕ್ಕಳಿಗೆ ತಕ್ಕೋಲದ ಯುದ್ಧ ಹೇಳುವಾಗ ಗೆದ್ದವರ ಜೊತೆ ಕಾಳಿಯ ಹೆಸರನ್ನೂ ಹೇಳಬೇಕು.