ಜಾನ್ ಮೆಕಾರ್ಮಕ್: ಪದಕದಿಂದ ಮಿಲಾನಿಗೆ, ಮಿಲಾನಿನಿಂದಾಚೆಗೆ

ಪುರುಷರ ಸಹಜ ಕಂಠಗಳಲ್ಲಿ ಎತ್ತರದ ಸ್ವರಗಳಲ್ಲಿ ಸಂಚರಿಸುವುದನ್ನು ಪಾಶ್ಚಾತ್ಯ ಸಂಗೀತದಲ್ಲಿ ಟೆನರ್ ಎನ್ನುತ್ತಾರೆ. ಕಳೆದ ಶತಮಾನದ ಆರಂಭದ ಟೆನರ್‌ಗಳಲ್ಲಿ ಎನ್ರಿಕೊ ಕರೂಸೊ ತನ್ನ ಕಂಠದ ಭಾರದಿಂದಲೇ ಕೇಳುಗರನ್ನು ಗೆದ್ದರೆ, ಐರ್ಲೆಂಡಿನ ಜಾನ್ ಮೆಕಾರ್ಮಕ್ ಹಗುರವಾದ ಕಂಠವಿದ್ದೂ ಉಸಿರಿನ ಹಿಡಿತ ಮತ್ತು ಸ್ವಚ್ಛ ಉಚ್ಚಾರಣೆಗಳಿಂದ ಅಷ್ಟೇ ಪ್ರಸಿದ್ಧನಾದನು.

1884ರಲ್ಲಿ ಅಥ್ಲೋನ್ ಪಟ್ಟಣದ ಉಣ್ಣೆ ಗಿರಣಿಯ ಕೆಲಸಗಾರರ ಮನೆಯಲ್ಲಿ ಹುಟ್ಟಿದ ಈತನನ್ನು ಮೊದಲು ತಿದ್ದಿದವನು, ಡಬ್ಲಿನ್ನಿನ ಕ್ಯಾಥೊಲಿಕ್ ಪ್ರಧಾನ ಚರ್ಚಿನ ಪ್ಯಾಲೆಸ್ಟ್ರೀನ ಗಾಯನವೃಂದವನ್ನು ನಡೆಸುತ್ತಿದ್ದ ವಿನ್ಸೆಂಟ್ ಓಬ್ರಯನ್. 1897ರಿಂದ ನಡೆದುಬಂದಿದ್ದ ಫೆಶ್ ಕ್ಯೋಲ್ ಎಂಬ ಐರಿಷ್ ಸಂಗೀತ ಸ್ಪರ್ಧೋತ್ಸವದಲ್ಲಿ ಮೆಕಾರ್ಮಕ್ 1903ರಲ್ಲಿ ಟೆನರ್ ವಿಭಾಗದ ಚಿನ್ನದ ಪದಕ ಪಡೆದನು. ಮರುವರ್ಷ ಅದೇ ವಿಭಾಗದಲ್ಲಿ ಹಾಡಿದ, ಮುಂದೆ ಕಾದಂಬರಿಕಾರನಾಗಿ ಹೆಸರಾದ ಜೇಮ್ಸ್ ಜಾಯ್ಸ್, ಮೊದಲು ನೋಡಿರದ ಸ್ವರಲಿಪಿಯನ್ನು ಕಂಡಕೂಡಲೇ ಹಾಡಿ ತೋರಿಸಬೇಕಾದ ಪರೀಕ್ಷೆಗೆ ಒಪ್ಪದೆ, ಕಂಚಿಗೆ ತೃಪ್ತನಾಗಬೇಕಾಯಿತು. ಕಾದಂಬರಿ ಪ್ರಕಾರಕ್ಕೆ ಇದರಿಂದ ನಷ್ಟವೇನೂ ಆಗಲಿಲ್ಲ.

ಪದಕವು ಊರಿನಲ್ಲಿ ಹೆಸರನ್ನು ತಂದಿತೇ ಹೊರತು ವಿದ್ಯೆಯನ್ನು ಪೂರ್ಣಗೊಳಿಸಲಿಲ್ಲ. ಆದುದರಿಂದ 1905ರಲ್ಲಿ ಮಿಲಾನ್ ಸೇರಿ ವಿಂಚೆಂಜೊ ಸಬಾಟೀನಿಯ ಬಳಿ ಕಲಿತ ಮೆಕಾರ್ಮಕ್, ಮರುವರ್ಷ ಸವೋನಾದ ರಂಗದಲ್ಲಿ, ಭಾವಿ ಪತ್ನಿ ಲಿಲಿ ಫೋಲಿಯ ಮನೆತನದ ಹೆಸರನ್ನು ಇಟಲಿಗೆ ಹೊಂದಿಸಿಕೊಂಡು ಜೊವಾನಿ ಫೋಲಿಯಾಗಿ ಒಪೆರಾ ಪ್ರವೇಶ ಮಾಡಿದನು. 1907ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್, 1909ರಲ್ಲಿ ನ್ಯೂಯಾರ್ಕ್, 1911ರಲ್ಲಿ ಒಪೆರಾ ಗಾಯಕಿ ನೆಲ್ಲಿ ಮೆಲ್ಬಾಳ ತಂಡದೊಡನೆ ಆಸ್ಟ್ರೇಲಿಯಾ ಈತನನ್ನು ಕೇಳಿದವು.

ಆದರೆ ಒಪೆರಾ ಎಂದರೆ ಹಾಡಿನಷ್ಟೇ ನಟನೆ. ಅದು ತನಗೆ ಒಲಿದಿಲ್ಲವೆಂಬುದನ್ನು ಸ್ವತಃ ಅರಿತಿದ್ದ ಮೆಕಾರ್ಮಕ್ ಕ್ರಮೇಣ ವೇಷವನ್ನು ತೊರೆದು, ಪಿಯಾನೊ ಪಕ್ಕದಲ್ಲಿ ನಿಂತು ಹಾಡುವ ಕಛೇರಿಗಳಿಗೆ ಹೊರಳಿದನು. ಹ್ಯಾಂಡೆಲ್ ಮತ್ತು ಹ್ಯೂಗೊ ವುಲ್ಫರ ರಚನೆಗಳ ಜೊತೆಗೆ ಐರಿಷ್ ಮನೆಹಾಡುಗಳನ್ನೂ ಹಾಡಿದ್ದಕ್ಕಾಗಿ ಮಡಿವಂತ ವಿಮರ್ಶಕರು ಮೂಗುಮುರಿದದ್ದುಂಟು. ಆ ಆಕ್ಷೇಪ ನಿಲ್ಲುವುದಿಲ್ಲ: ಎರಡು ಬಗೆಯ ರಚನೆಗಳಲ್ಲೂ ಈತನ ಕುಸುರಿ ಒಂದೇ ಆಗಿದ್ದು, ಸರಳ ಹಾಡನ್ನು ಕೀಳೆಂದು ಅವಸರದಲ್ಲಿ ಮುಗಿಸಿದ ಸುಳಿವು ಧ್ವನಿಮುದ್ರಿಕೆಗಳಲ್ಲಿ ಸಿಗುವುದಿಲ್ಲ.

ಈ ಕುಸುರಿಯ ಶಿಖರವೆಂದರೆ 1916ರಲ್ಲಿ ಮುದ್ರಿಸಿದ, ಮೊಟ್ಸಾರ್ಟನ ‘ಡಾನ್ ಜೊವಾನಿ’ ಒಪೆರಾದ ‘ಇಲ್ ಮಿಯೊ ತೆಸೊರೊ’ ಎಂಬ ಏರಿಯಾ, ಅಂದರೆ ಒಬ್ಬನೇ ಪಾತ್ರಧಾರಿಗೆಂದು ಬರೆದ ಗೀತೆ. ಅದರ ನಡುವೆ ಬರುವ ದ್ರುತಸ್ವರಗಳ ದೀರ್ಘ ಸರಣಿಯಲ್ಲಿ ಬಹುತೇಕ ಗಾಯಕರು ಎಲ್ಲಾದರೂ ಉಸಿರು ಎಳೆದುಕೊಳ್ಳುತ್ತಾರೆ. ಮೆಕಾರ್ಮಕ್ ಅದನ್ನು ಒಂದೇ ಉಸಿರಿನಲ್ಲಿ, ಒಂದು ಸ್ವರವೂ ಇನ್ನೊಂದರೊಳಗೆ ಕಲೆಯದಂತೆ ಹಾಡಿ, ಶ್ರಮದ ಗುರುತನ್ನೂ ಉಳಿಸದೆ ಮುಂದಿನ ಸಾಲಿಗೆ ಸಾಗುತ್ತಾನೆ. ಸ್ಪರ್ಧೆಯ ತೀರ್ಪುಗಾರರು ಅಂಕ ಕೊಡಬಹುದಾದ ಚಮತ್ಕಾರ ಇದು ಎನ್ನಬಹುದಾದರೂ, ಇಲ್ಲಿ ಚಮತ್ಕಾರ ರಾಗದ ಓಟಕ್ಕೆ ಸಂಪೂರ್ಣ ಅಧೀನವಾಗಿದೆ.

1928ರಲ್ಲಿ ಪೋಪ್ ಈತನಿಗೆ ಕೌಂಟ್ ಪದವಿ ನೀಡಿ ಗೌರವಿಸಿದರು. 1932ರಲ್ಲಿ ಡಬ್ಲಿನ್ನಿನಲ್ಲಿ ನಡೆದ ಕ್ಯಾಥೊಲಿಕರ ಯೂಕರಿಸ್ಟಿಕ್ ಮಹಾಸಮ್ಮೇಳನದಲ್ಲಿ ಹಾಡಿದ ಮೆಕಾರ್ಮಕ್ 1945ರಲ್ಲಿ ತೀರಿಕೊಂಡನು. ಮೈಕ್ರೊಫೋನ್ ಬಳಸುವ ವಿದ್ಯುತ್ ಧ್ವನಿಮುದ್ರಣ 1925ರಲ್ಲಿ ಬರುವ ಹೊತ್ತಿಗೆ ಈತನಿಗೆ ನಲವತ್ತು ದಾಟಿ, ಕಂಠದ ಉತ್ತುಂಗದ ದಿನಗಳು ಕಳೆದಿದ್ದವು. ಹೀಗಾಗಿ ಹೊಸದಾಗಿ ಕೇಳತೊಡಗುವವರು, ಸದ್ದು ಹೆಚ್ಚು ತಿಳಿಯಾಗಿರುವ ನಂತರದ ತಟ್ಟೆಗಳಿಗಿಂತ, ತಗಡಿನ ಕಹಳೆಯೆದುರು ಹಾಡಿದ 1910ರಿಂದ 1916ರವರೆಗಿನ ಗರಗರ ಸದ್ದಿನ ತಟ್ಟೆಗಳಿಂದ ಆರಂಭಿಸುವುದು ಮೇಲು.