ಕಪಾಟಿನ ಬಾಗಿಲ ಮೇಲಿನ ಆರು ಸಾಲು

ಕರಾವಳಿಯಲ್ಲಿ ಮನೆಯಲ್ಲೇ ಮರಗೆಲಸ ಮಾಡುವವರು ಮರಕ್ಕಿಂತ ಮೊದಲು ಗಾಳಿಯ ಜೊತೆ ಹೆಣಗಬೇಕು. ಉಡುಪಿಯ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ; ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆ ದಿನಗಳಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಭರಣಿಯೊಳಗೆ ನೀರೊಡೆಯುತ್ತದೆ, ನಿನ್ನೆ ಮಸೆದಿಟ್ಟ ಉಳಿಯ ಮೇಲೆ ಇವತ್ತು ಕಂದು ಚುಕ್ಕೆ ಕಾಣುತ್ತದೆ. ನಮ್ಮ ಮನೆಯ ಹಿಂದಿನ ಚಿಕ್ಕ ಕೋಣೆಗೆ ಕೆಲಸ ಕಲಿಯಲು ಬರುವ ಹುಡುಗರಿಗೆಂದು ಕಪಾಟಿನ ಬಾಗಿಲ ಒಳಬದಿಗೆ ಆರು ಸಾಲು ಬರೆದು ಅಂಟಿಸಿದ್ದೇನೆ. ಓದಿದವರೆಲ್ಲ ಕಾರಣ ಕೇಳುತ್ತಾರೆ. ಕೇಳಲೇಬೇಕು, ಕಾರಣ ಗೊತ್ತಿಲ್ಲದ ನಿಯಮ ಒಂದು ಮಳೆಗಾಲವೂ ಬಾಳುವುದಿಲ್ಲ.

ಮೊದಲು ಬಾಯಿ ಕಾಯಿ, ಆಮೇಲೆ ಅಂದ ನೋಡು.

ಉಳಿಯಲ್ಲಿ ಕೆಲಸ ಮಾಡುವುದು ಅದರ ಬಾಯಿ ಮಾತ್ರ. ಒಂದು ಕಡೆ ಇಳಿಜಾರು ಮುಖ, ಇನ್ನೊಂದು ಕಡೆ ಚಪ್ಪಟೆ ಬೆನ್ನು, ಎರಡೂ ಕೂಡುವ ಗೆರೆಯೇ ಬಾಯಿ. ಹಿಡಿಯ ಹತ್ತಿರ ತುಕ್ಕು ಹತ್ತಿದರೆ ನೋಡಲು ಕೆಟ್ಟದಾಗಿರುತ್ತದೆ, ಅಷ್ಟೇ. ಬೆನ್ನಿನ ಮೇಲೆ, ಬಾಯಿಗೆ ಸಮೀಪ ಹತ್ತಿದ ತುಕ್ಕು ಬೇರೆಯದೇ ವಿಷಯ. ತುಕ್ಕು ಉಜ್ಜಿ ತೆಗೆದರೂ ಅದು ಕೊರೆದ ಸಣ್ಣ ಗುಳಿ ಹಾಗೇ ಉಳಿಯುತ್ತದೆ. ಮಸೆಯುತ್ತ ಮಸೆಯುತ್ತ ಉಳಿ ಸವೆದು ಬಾಯಿಯ ಗೆರೆ ಆ ಗುಳಿಯನ್ನು ತಲುಪಿದ ದಿನ ಬಾಯಲ್ಲಿ ಹಲ್ಲು ಬೀಳುತ್ತದೆ. ಕೆತ್ತಿದ ಮರದ ಮೇಲೆ ಉದ್ದಕ್ಕೂ ಗೀರು ಮೂಡುತ್ತದೆ. ಎಷ್ಟೇ ಮಸೆದರೂ ಗುಳಿಯ ಆಳ ದಾಟುವವರೆಗೆ ಗೀರು ಹೋಗುವುದಿಲ್ಲ. ಉಪಕರಣಗಳನ್ನು ಜೋಡಿಸಿಡುವ ವಿಚಾರ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಇದರ ಬಾಯಿ ಎಲ್ಲಿದೆ, ಅದಕ್ಕೆ ಏನು ತಾಗುತ್ತದೆ? ಹಲಗೆಯ ಮೇಲೆ ಪ್ರತಿ ಉಪಕರಣದ ನೆರಳುಚಿತ್ರ ಬಿಡಿಸಿ ಬಣ್ಣ ಬಳಿಯುವ ಚಂದವೆಲ್ಲ ಅದಾದ ಮೇಲಿನ ಮಾತು.

ಕಬ್ಬಿಣಕ್ಕೆ ಕಬ್ಬಿಣ ತಾಗದಿರಲಿ.

ಉಳಿ, ಅರ, ಇಕ್ಕಳ, ಸುತ್ತಿಗೆ ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಮೂಲೆಗಿಡುವುದು ನಮ್ಮಲ್ಲಿ ಸಾಮಾನ್ಯ. ಮನೆಮನೆಗೆ ಹೋಗಿ ದುಡಿಯುವ ಬಡಗಿಗೆ ಬೇರೆ ದಾರಿಯಿಲ್ಲ. ಅವನೂ ಉಳಿಗಳನ್ನು ಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿಯೇ ಒಯ್ಯುತ್ತಾನೆ. ಒಂದು ಕಡೆ ನೆಲೆನಿಂತು ಕೆಲಸ ಮಾಡುವ ನಮಗೆ ಚೀಲದ ಅಗತ್ಯವೇ ಇಲ್ಲ. ಅರದ ಹಲ್ಲು ಉಳಿಯ ಬಾಯಿಗಿಂತ ಗಟ್ಟಿ. ಚೀಲ ಅಲುಗಿದಾಗೆಲ್ಲ ಅದು ಉಳಿಯನ್ನು ತಿನ್ನುತ್ತದೆ.

ಉಳಿಗೆ ಒಂದು ಪಟ್ಟಿ ಸಾಕು. ಎರಡು ಇಂಚು ಅಗಲದ ಹಲಗೆ ತೆಗೆದುಕೊಂಡು ಹಿಡಿಯ ಬುಡ ಕೂರುವಷ್ಟು ದೊಡ್ಡ ತೂತುಗಳನ್ನು ಸಾಲಾಗಿ ಕೊರೆಯಬೇಕು. ಪ್ರತಿ ತೂತಿನಿಂದ ಹಲಗೆಯ ಮುಂದಿನ ಅಂಚಿಗೆ, ಉಳಿಯ ಅಲಗು ನುಸುಳುವಷ್ಟು ಅಗಲಕ್ಕೆ ಗರಗಸದಿಂದ ಸೀಳು ಬಿಡಬೇಕು. ಉಳಿಯನ್ನು ಪೂರ್ತಿ ಮೇಲೆತ್ತಿ ತೆಗೆಯುವ ಕಷ್ಟವಿಲ್ಲ, ತುಸು ಎತ್ತಿ ಮುಂದಕ್ಕೆ ಎಳೆದರೆ ಬರುತ್ತದೆ. ಅಲಗುಗಳ ಮುಂದೆ, ಕೆಳಗಡೆ, ಇನ್ನೊಂದು ಅಡ್ಡಪಟ್ಟಿ ಇರಲೇಬೇಕು. ಇಲ್ಲದಿದ್ದರೆ ನೆಲಕ್ಕೆ ಬಿದ್ದ ಪೆನ್ಸಿಲ್ ಹುಡುಕಲು ಬಗ್ಗಿದವರು ಏಳುವಾಗ ಬೆರಳೋ ಹಣೆಯೋ ಸೀಳಿಸಿಕೊಳ್ಳುತ್ತಾರೆ.

ಪಟ್ಟಿಗೆ ಯಾವ ಮರ? ತೇಗದ ತುಂಡು ಸಿಕ್ಕರೆ ಅದೇ ಇರಲಿ. ಓಕ್, ಜಾಲಿಯಂಥ ಮರಗಳಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಹೆಚ್ಚು. ತೇವ ಸೇರಿದರೆ ಅದು ಕಬ್ಬಿಣವನ್ನು ಕಪ್ಪಾಗಿಸುತ್ತದೆ, ಕೊರೆಯುತ್ತದೆ. ತೇಗ ಹಾಗೆ ಮಾಡುವುದಿಲ್ಲ. ಹಡಗು ಕಟ್ಟುವವರು ಅದನ್ನು ಅಷ್ಟು ಮೆಚ್ಚಿದ್ದಕ್ಕೆ ಇದೂ ಒಂದು ಕಾರಣ: ಕಬ್ಬಿಣದ ಬೋಲ್ಟ್ ಹೊಡೆದರೂ ತೇಗ ಅದನ್ನು ತಿನ್ನದು. ಚರ್ಮದ ಒರೆಯನ್ನು ನಾನು ಒಪ್ಪದಿರುವುದೂ ಇದಕ್ಕೇ. ತೊಗಟೆಯಿಂದ ಹದ ಮಾಡಿದ ಚರ್ಮದಲ್ಲಿ ಅದೇ ಒಗರಿದೆ, ಮೇಲಾಗಿ ಅದು ತೇವ ಹೀರಿ ಹಿಡಿದಿಡುತ್ತದೆ.

ಉಳಿ ನಿಲ್ಲಲಿ, ಗರಗಸ ತೂಗಲಿ, ಹತ್ತರಿ ಕೂರಲಿ.

ಉಳಿಯದು ಹೇಳಿಯಾಯಿತು. ಗರಗಸವನ್ನು ಹಿಡಿಯ ತೂತಿನಿಂದ ಗೂಟಕ್ಕೆ ತೂಗುಹಾಕಿ, ಹಲ್ಲಿಗೆ ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಪೈಪು ತೊಡಿಸಿದರೆ ಆಯಿತು. ವಿದ್ಯುತ್ ತಂತಿಯ ತೆಳು ಪೈಪಿನ ಚೂರು ಯಾವ ಮನೆಯಲ್ಲೂ ಸಿಗುತ್ತದೆ.

ಹತ್ತರಿಯ ಬಗ್ಗೆ ಬಡಗಿಗಳಲ್ಲೇ ಎರಡು ಮತವಿದೆ. ಬಾಯಿ ನೆಲಕ್ಕೆ ತಾಗಬಾರದು, ಪಕ್ಕಕ್ಕೆ ಮಲಗಿಸು ಎನ್ನುವವರು ಹೆಚ್ಚು. ಕೆಲಸದ ನಡುವೆ ಮೇಜಿನ ಮೇಲೆ ಹಾಗಿಟ್ಟರೆ ಬಾಯಿ ಹೊರಕ್ಕೆ ತೆರೆದುಕೊಂಡಿರುತ್ತದೆ. ಪಕ್ಕದಲ್ಲಿ ಮೊಳೆಯೋ ಇನ್ನೊಂದು ಉಳಿಯೋ ಇದ್ದರೆ ಹೋಗಿ ತಾಗುತ್ತದೆ, ಕೈಗೂ ತಾಗುತ್ತದೆ. ರಾತ್ರಿ ಕಪಾಟಿಗೆ ಸೇರಿಸುವಾಗ ಅಡಿ ಕೆಳಗಾಗಿಯೇ ಇಟ್ಟು, ಮುಂದಿನ ತುದಿಯ ಕೆಳಗೆ ತೆಳುವಾದ ಮರದ ಚಕ್ಕೆಯೊಂದನ್ನು ಕೊಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಹತ್ತರಿ ಒಂದಿಷ್ಟು ಏರಿ ನಿಲ್ಲುತ್ತದೆ, ಬಾಯಿ ಯಾವುದಕ್ಕೂ ತಾಗುವುದಿಲ್ಲ, ಯಾರ ಕೈಗೂ ಸಿಗುವುದಿಲ್ಲ.

ಆಯಸ್ಕಾಂತದ ಪಟ್ಟಿಗೆ ಉಳಿ ಅಂಟಿಸಿಡುವ ರೂಢಿ ಈಗ ಬಂದಿದೆ. ಅಂಟುವ ಗಳಿಗೆಯಲ್ಲಿ ಬಾಯಿ ಪಟಕ್ಕನೆ ಹೋಗಿ ಬಡಿಯುತ್ತದೆ, ಅರದ ಹುಡಿಯೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ನನಗೆ ಬೇಡ.

ಹೊರಗೋಡೆಗೆ ಒರಗಿಸಬೇಡ.

ಆರರಲ್ಲಿ ಇದು ಅತಿ ಮುಖ್ಯ, ಅತಿ ಬೇಗ ಮರೆಯುವುದೂ ಇದೇ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕು. 1936ರಲ್ಲಿ ಸ್ವೀಡನ್ನಿನ ಗಾಟ್‌ಲೆಂಡ್ ದ್ವೀಪದ ಮೆಸ್ಟರ್‌ಮೀರ್ ಎಂಬಲ್ಲಿ, ನೀರು ಬಸಿದ ಜೌಗುನೆಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಓಕ್ ಮರದ ಪೆಟ್ಟಿಗೆ ಸಿಕ್ಕಿತು. ಸುಮಾರು ಸಾವಿರ ವರ್ಷ ಹಳೆಯದು. ಕೊಡಲಿ, ಗರಗಸ, ಅರ, ಸುತ್ತಿಗೆ ಸೇರಿ 200ರಷ್ಟು ವಸ್ತುಗಳು. ಅಷ್ಟು ಕಾಲ ನೀರಿನಲ್ಲಿದ್ದೂ ಕಬ್ಬಿಣ ಉಳಿದದ್ದು ಜೌಗಿನೊಳಗೆ ಆಮ್ಲಜನಕ ಇಲ್ಲದ್ದರಿಂದ. ನಮ್ಮ ಕೋಣೆಯಿಂದ ಗಾಳಿ ತೆಗೆಯಲಾಗದು. ನೀರನ್ನಾದರೂ ದೂರ ಇಡಬಹುದು.

ನಮ್ಮ ಗೋಡೆಗಳ ಮುರಕಲ್ಲು ನೀರು ಹೀರುವ ಕಲ್ಲು. ನಮ್ಮ ಕಡೆ ಮಳೆ ಬಡಿಯುವುದು ಪಡುವಣ ಗೋಡೆಗೆ. ಹಿಂದಿನವರು ಅದಕ್ಕೇ ಆ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಆ ಗೋಡೆಯಲ್ಲಿ ಉಪಕರಣ ತೂಗುಹಾಕಿದರೆ ತೇವ ನೇರವಾಗಿ ಅದಕ್ಕೇ. ಕೋಣೆಯ ನಡುಗೋಡೆ ಆರಿಸಿಕೊಳ್ಳಿ. ಬೇರೆ ಗೋಡೆಯೇ ಇಲ್ಲವಾದರೆ ರೀಪು ಹೊಡೆದು ಹಲಗೆಯನ್ನು ಗೋಡೆಯಿಂದ ಒಂದು ಇಂಚಾದರೂ ಮುಂದೆ ತನ್ನಿ, ಹಿಂದೆ ಗಾಳಿಯಾಡಲಿ.

ರಾತ್ರಿ ತಣ್ಣಗಾದ ಉಕ್ಕು ಬೆಳಿಗ್ಗೆ ಬೇಗ ಬಿಸಿಯಾಗುವುದಿಲ್ಲ. ಬಾಗಿಲು ತೆರೆದಾಗ ಒಳನುಗ್ಗುವ ಬೆಚ್ಚನೆಯ ತೇವದ ಗಾಳಿ ಅದರ ಮೇಲೆ ಕಣ್ಣಿಗೆ ಕಾಣದ ಹನಿಯಾಗಿ ಕೂರುತ್ತದೆ. ಗಾಳಿಯ ತೇವಾಂಶ ಶೇಕಡಾ 60 ದಾಟಿದ ಮೇಲೆ ತುಕ್ಕಿನ ವೇಗ ಏರುತ್ತದೆ. ನಮ್ಮ ಆಷಾಢದಲ್ಲಿ ಅದು 80ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಮುಚ್ಚಿದ ಮರದ ಕಪಾಟಿನೊಳಗೆ ಶೀತೋಷ್ಣ ನಿಧಾನವಾಗಿ ಬದಲಾಗುವುದರಿಂದ ಹನಿ ಕೂರುವುದು ಕಡಿಮೆ. ಮಳೆಗಾಲಕ್ಕೆ ತೆರೆದ ಹಲಗೆಗಿಂತ ಕಪಾಟೇ ಲೇಸು. ಒಳಗೆ ಸಿಲಿಕಾ ಜೆಲ್ ಚೀಲ ಇಡುವುದಾದರೆ ಬಾಗಿಲ ಸಂದಿ ಮುಚ್ಚಿರಬೇಕು. ಬಣ್ಣ ತಿರುಗಿದ ಮೇಲೆ ಹುರಿದು ಒಣಗಿಸದೆ ಬಿಟ್ಟರೆ ಅದು ಕಲ್ಲಿಗೆ ಸಮ. ಬೆಚ್ಚಗಿಡಲು ಹಳೆಯ ಫಿಲಮೆಂಟ್ ಬಲ್ಬ್ ಉರಿಸುವ ಉಪಾಯ ಬಟ್ಟೆಯ ಕಪಾಟಿಗೆ ಇರಬಹುದು. ಮರದ ಹುಡಿ, ಸಿಪ್ಪೆ ಸೇರುವ ಜಾಗದಲ್ಲಿ ಬೆಂಕಿಯ ಭಯ. ದಯವಿಟ್ಟು ಬೇಡ.

ಒರೆಸು, ಸವರು, ಆಮೇಲೆ ಇಡು.

ಬೆವರಿನಲ್ಲಿ ಉಪ್ಪಿದೆ. ಬೆರಳಿನ ಗುರುತಿನ ಆಕಾರದಲ್ಲೇ ತುಕ್ಕು ಮೂಡುವುದನ್ನು ಮೂಲೆಮಟ್ಟದ ಮೇಲೆ ಯಾರು ಬೇಕಾದರೂ ನೋಡಬಹುದು. ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿದರೆ ಸಾಕು. ಅಡುಗೆಮನೆಯ ಎಣ್ಣೆ ಕೆಲವೇ ವಾರಗಳಲ್ಲಿ ಜಿಗುಟಾಗಿ ಹುಡಿ ಹಿಡಿಯುತ್ತದೆ. ಅಗಸೆ ಎಣ್ಣೆ ಮರದ ಹಿಡಿಗೆ ಒಳ್ಳೆಯದು, ಆದರೆ ಅದು ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಅಂಗಳದಲ್ಲಿ ಬಿಡಿಸಿ ಹರವಿ ಒಣಗಿಸಿ.

ತುಂಬಿಸಬೇಡ, ವರ್ಷಕ್ಕೊಮ್ಮೆ ಎಲ್ಲವನ್ನೂ ಇಳಿಸು.

ಮೂಲೆಯಲ್ಲಿ, ಹಿಂದಿನ ಸಾಲಿನಲ್ಲಿ, ಕೈಗೆ ಸಿಗದಂತೆ ಇರುವ ಉಪಕರಣಕ್ಕೇ ಮೊದಲು ತುಕ್ಕು. ಎರಡು ಸಾಲು ಆಯಿತೆಂದರೆ ಹಿಂದಿನ ಸಾಲು ಇಲ್ಲದಂತೆಯೇ. ಬಳಸದ್ದನ್ನು ಬಳಸುವವರಿಗೆ ಕೊಟ್ಟುಬಿಡಿ.

ಇಳಿಸಲು ನಮಗೆ ದಿನವೂ ಗೊತ್ತಾಗಿದೆ, ಆಯುಧಪೂಜೆ. ಹಿಂದಿನ ದಿನವೇ ಎಲ್ಲವನ್ನೂ ಕೆಳಗಿಳಿಸಿ, ಹಲಗೆಯ ಹಿಂಬದಿ ನೋಡಿ, ಗೆದ್ದಲು ಇದೆಯೇ ಪರೀಕ್ಷಿಸಿ, ಸಡಿಲವಾದ ಸುತ್ತಿಗೆಯ ಹಿಡಿಗೆ ಬೆಣೆ ಹೊಡೆದು, ಒಂದೊಂದನ್ನೂ ಮಸೆದು ಇಡುವುದೇ ನನ್ನ ಮಟ್ಟಿಗೆ ಪೂಜೆಯ ಅರ್ಧ ಭಾಗ. ಗಂಧ, ಕುಂಕುಮವನ್ನು ಮರದ ಹಿಡಿಗೆ ಹಚ್ಚಿ. ನೀರು ಬೆರೆತ ಗಂಧ ಅಲಗಿನ ಮೇಲೆ ಒಂದು ರಾತ್ರಿ ಉಳಿದರೂ ಅದರ ಕೆಳಗೆ ದುಂಡನೆಯ ಕಲೆ ಬೀಳುತ್ತದೆ. ಒದ್ದೆ ಹೂವಿಗೂ ಇದೇ ಮಾತು: ಹೂ ಹಿಡಿಯ ಬದಿಗಿರಲಿ, ಮರುದಿನ ತೆಗೆದ ಕೂಡಲೇ ಬಟ್ಟೆ, ಎಣ್ಣೆ, ಆಮೇಲೆ ಕಪಾಟು.